ಎತ್ತರಿಸಿದ ಪಿಕಪ್‌ನ ಅದುರಾಟ: ಮೂಲ ಹಿಡಿಯುವ ಬಗೆ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ದಿನಾ ಕೆಲಸಕ್ಕೆ ಓಡಾಡುವುದೂ ಅದೇ ಗಾಡಿ, ಭಾನುವಾರ ಕೆಸರಿಗೆ ಇಳಿಯುವುದೂ ಅದೇ ಗಾಡಿ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಈ ಏರ್ಪಾಡಿನಲ್ಲಿ ಮೊದಲು ಕೈಕೊಡುವುದು ಹೆದ್ದಾರಿಯ ನೆಮ್ಮದಿ. ಎಪ್ಪತ್ತು ದಾಟುತ್ತಲೇ ಸ್ಟೇರಿಂಗ್ ಅದುರುತ್ತದೆ, ಇಲ್ಲವೇ ತಳದಿಂದ ಗುಂಯ್ ಎಂದು ಸದ್ದು ಏಳುತ್ತದೆ, ಇಲ್ಲವೇ ಬ್ರೇಕ್ ಒತ್ತಿದಾಗ ಮಾತ್ರ ಇಡೀ ಗಾಡಿ ನಡುಗುತ್ತದೆ. ಟೈರ್ ಅಂಗಡಿಗೆ ಹೋಗಿ ಬ್ಯಾಲೆನ್ಸಿಂಗ್, ಅದಕ್ಕೂ ಹೋಗದಿದ್ದರೆ ಅಲೈನ್‌ಮೆಂಟ್, ಆಮೇಲೆ ಶಾಕ್ ಅಬ್ಸಾರ್ಬರ್, ಬುಷ್, ಬೇರಿಂಗ್ ಎಂದು ಒಂದೊಂದೇ ಬದಲಿಸುತ್ತಾ ಹೋದರೆ ದುಡ್ಡು ಕರಗುತ್ತದೆ, ಅದುರಾಟ ಹಾಗೇ ಉಳಿಯುತ್ತದೆ.

ಕಾರಣ ಸರಳ. ಎತ್ತರಿಸಿದ ಗಾಡಿಯಲ್ಲಿ ಒಂದು ಪಾರ್ಟೂ ಕೆಡದೆ ಅದುರಾಟ ಬರಬಹುದು. ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ದೊಡ್ಡ ಟೈರ್, ಹೊರಚಾಚಿದ ರಿಮ್, ಮುಂದೆ ಕಬ್ಬಿಣದ ಬಂಪರ್ ಮತ್ತು ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ಇವೆಲ್ಲ ಪಾರ್ಟುಗಳ ನಡುವಿನ ಕೋನ, ದೂರ, ತೂಕಗಳನ್ನು ಬದಲಿಸಿರುತ್ತವೆ. ಹಾಗಾಗಿ ಯಾವ ಪಾರ್ಟ್ ಕೆಟ್ಟಿದೆ ಎಂದು ಕೇಳುವ ಮೊದಲು ಈ ಅದುರು ಯಾವುದರ ಜೊತೆ ಏರಿಳಿಯುತ್ತದೆ ಎಂದು ಕೇಳಬೇಕು. ಇಲ್ಲಿ ಹೇಳುವುದು ಚಾಸಿಸ್ ಮೇಲೆ ಕಟ್ಟಿದ, ಮುಂದೆ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಲೀಫ್ ಸ್ಪ್ರಿಂಗ್ ಇರುವ ಇಸುಜು ಡಿ ಮ್ಯಾಕ್ಸ್ ವಿ ಕ್ರಾಸ್, ಟೊಯೊಟಾ ಹೈಲಕ್ಸ್ ಥರದ 4×4 ಪಿಕಪ್‌ಗಳ ವಿಷಯ. 2–3 ಇಂಚು ಲಿಫ್ಟ್, 33 ಇಂಚಿನ ಆಸುಪಾಸಿನ ಟೈರ್ ಇದೆ ಎಂದು ಇಟ್ಟುಕೊಳ್ಳಿ.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಓಟ

ಬೆಳಿಗ್ಗೆ ಬೇಗ, ರಸ್ತೆ ಖಾಲಿ ಇರುವಾಗ ಶ್ರೀರಂಗಪಟ್ಟಣ–ಮಂಡ್ಯ ನಡುವಿನ ನೇರ ಹಾದಿಯಲ್ಲಿ ಓಡಿಸಿ. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬರಿರಲಿ, ಫೋನಿನಲ್ಲಿ ಜಿಪಿಎಸ್ ವೇಗ ಕಾಣುತ್ತಿರಲಿ. ಗಾಡಿಯ ಮೀಟರನ್ನು ಈ ಕೆಲಸಕ್ಕೆ ನಂಬಬೇಡಿ. ಮೂಲ 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿ.ಮೀ., 285/75 ಆರ್16ರದು 834 ಮಿ.ಮೀ. ಅಂದರೆ ಶೇ 11ರಷ್ಟು ದೊಡ್ಡದು. ಕಂಪನಿಯ ಮೀಟರು ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವುದರಿಂದ ಒಂದಿಷ್ಟು ಸರಿಹೋದರೂ, ಮೀಟರು 92 ಎನ್ನುವಾಗ ನಿಜ ವೇಗ ನೂರರ ಹತ್ತಿರ ಇರಬಹುದು. ಬೆಂಗಳೂರು–ಮೈಸೂರು ದಶಪಥದಲ್ಲಿ ಕ್ಯಾಮೆರಾಗಳಿವೆ, ಮಿತಿ 100. ಓಡಿದ ಕಿ.ಮೀ. ಕೂಡ ಕಡಿಮೆಯೇ ದಾಖಲಾಗುತ್ತದೆ. ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಏಕಾಏಕಿ ಬಿತ್ತು ಎನ್ನುವವರು ಮೊದಲು 1.11ರಿಂದ ಗುಣಿಸಿ ನೋಡಲಿ.

ಓಡಿಸುವಾಗ ಐದು ವಿಷಯ ಗಮನಿಸಿ. ಅದುರು ಯಾವ ವೇಗದಲ್ಲಿ ಶುರು, ಯಾವ ವೇಗದಲ್ಲಿ ಜೋರು, ಮೇಲೆ ಹೋದರೆ ಕಡಿಮೆಯಾಗುತ್ತದೆಯೇ. ಕೈಗೆ ಗೊತ್ತಾಗುತ್ತದೋ, ಸೀಟಿಗೋ, ಪಾದದಡಿಗೋ. ಆಕ್ಸಿಲರೇಟರ್ ಒತ್ತಿದಾಗ ಮತ್ತು ಬಿಟ್ಟಾಗ ಬದಲಾಗುತ್ತದೆಯೇ. ಅದೇ ವೇಗದಲ್ಲಿ ಗೇರ್ ಬದಲಿಸಿದರೆ ಏನಾಗುತ್ತದೆ. ಬ್ರೇಕ್ ಮುಟ್ಟಿದರೆ ಏನಾಗುತ್ತದೆ. ಬೇಕಾದರೆ ನಾಲ್ಕೈದು ಸೆಕೆಂಡು ನ್ಯೂಟ್ರಲ್‌ಗೆ ತಂದು ನೋಡಬಹುದು, ಆದರೆ ಎಂಜಿನ್ ಆಫ್ ಮಾಡಬೇಡಿ. ಸ್ಟೇರಿಂಗೂ ಬ್ರೇಕೂ ಕಲ್ಲಾಗುತ್ತವೆ.

ಇದರ ಹಿಂದಿನ ಲೆಕ್ಕ ಹೀಗೆ. 834 ಮಿ.ಮೀ. ಟೈರು ಒಂದು ಸುತ್ತಿಗೆ ಸುಮಾರು 2.62 ಮೀ. ಹೋಗುತ್ತದೆ. ನಿಜವಾದ 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಎಂಟೂವರೆ ಸಲ ತಿರುಗುತ್ತದೆ. ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ, ಅಂದರೆ ಹೌಸಿಂಗ್‌ನ ಅನುಪಾತ 4.1 ಎಂದು ಹಿಡಿದರೆ ಎಂಜಿನ್ ಕಡೆಯಿಂದ ಅದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 35 ಸಲ ತಿರುಗುತ್ತದೆ. ಶಾಫ್ಟು ಕೋನದಲ್ಲೂ ತಿರುಗಲು ಬಿಡುವ ಕ್ರಾಸ್ ಜಾಯಿಂಟಿನ ಕೋನ ತಪ್ಪಿದ್ದರೆ ಒಂದು ಸುತ್ತಿಗೆ ಎರಡು ಹೊಡೆತ, ಅಂದರೆ ಸೆಕೆಂಡಿಗೆ 70. ಟೈರಿನ ಅದುರು ಬಿಡಿಬಿಡಿಯಾದ ಹೊಡೆತ. ಸ್ಟೇರಿಂಗ್ ಎಡಬಲ ಆಡುವುದು ಕಣ್ಣಿಗೇ ಕಾಣುತ್ತದೆ. ಶಾಫ್ಟಿನದು ಪಾದಕ್ಕೆ ಚುಮುಚುಮು ಎನ್ನುವ ಅದುರು, ಕಪ್ ಹೋಲ್ಡರಿನಲ್ಲಿಟ್ಟ ನೀರಿನ ಬಾಟಲಿಯ ಮೇಲ್ಮೈಯಲ್ಲಿ ಸಣ್ಣ ಬಳೆಗಳೇಳುತ್ತವೆ. 70ರದ್ದು ಸದ್ದಾಗಿ, ಕಿವಿ ಗವ್ವೆನ್ನುವಂತೆ ಕೇಳುತ್ತದೆ. ಫೋನಿನಲ್ಲಿ ಕಂಪನ ಅಳೆಯುವ ಉಚಿತ ಆ್ಯಪ್ ಹಾಕಿಕೊಂಡು ಫೋನನ್ನು ಸೀಟಿನ ಹಳಿಗೆ ಒತ್ತಿ ಹಿಡಿದರೆ ಹರ್ಟ್ಸ್‌ನಲ್ಲಿ ಅಂಕಿಯೇ ಸಿಗುತ್ತದೆ: 8ರಿಂದ 9 ಬಂದರೆ ಚಕ್ರ, 35ರ ಸುತ್ತ ಬಂದರೆ ಶಾಫ್ಟ್.

ಒಂದು ಗೊಂದಲ ಇದೆ. ಐದು ಗೇರಿನ ಗಾಡಿಯ ನಾಲ್ಕನೇ ಗೇರಿನಲ್ಲಿ ಸಾಮಾನ್ಯವಾಗಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ; 35 ಎಂದರೆ ಎಂಜಿನ್ 2,100 ಆರ್‌ಪಿಎಂ ಕೂಡ ಹೌದು. ಅದೇ ವೇಗದಲ್ಲಿ ಐದನೆಯದಕ್ಕೆ ಹಾಕಿ. ಅದುರು ಹಾಗೇ ಉಳಿದರೆ ಶಾಫ್ಟ್, ಬದಲಾದರೆ ಎಂಜಿನ್ ಮೌಂಟಿಂಗ್, ಕ್ಲಚ್, ಅಥವಾ ಚಾಸಿಸ್ಸಿಗೆ ತಾಗುತ್ತಿರುವ ಸೈಲೆನ್ಸರ್ ಪೈಪು. ಇನ್ನು ಟಾಪ್ ಗೇರಿನಲ್ಲಿ 60ರಲ್ಲಿ ಗಾಡಿ ದಡದಡ ಎಂದರೆ ಅದು ದೋಷವೇ ಇರಲಾರದು. ದೊಡ್ಡ ಟೈರಿನಿಂದ 4.1 ಅನುಪಾತ ಲೆಕ್ಕಕ್ಕೆ 3.7ರಷ್ಟಾಗಿರುತ್ತದೆ, ಎಂಜಿನ್ 1,200 ಆರ್‌ಪಿಎಂ ಆಸುಪಾಸಿನಲ್ಲಿ ಎಳೆಯಲಾರದೆ ಎಳೆಯುತ್ತಿರುತ್ತದೆ. ಒಂದು ಗೇರ್ ಇಳಿಸಿ, ಅಷ್ಟೇ.

ಮಣ್ಣು, ಗಾಳಿ, ರಿಮ್

ಕೈಗೆ ಬರುವ ಅದುರಾಗಿದ್ದರೆ ಮೊದಲು ನೆಲದ ಮೇಲೆ ಮಲಗಿ ರಿಮ್ಮಿನ ಒಳಮೈ ನೋಡಿ. ಮೈಸೂರಿನ ಕೆಂಪು ಮಣ್ಣು ನೀರು ಹಾಯಿಸಿದರೆ ಹೋಗುತ್ತದೆ. ಮಂಡ್ಯದ ಗದ್ದೆಯ ಜೇಡಿ, ಎಚ್.ಡಿ. ಕೋಟೆ ಕಡೆಯ ಎರೆ ಮಣ್ಣು ಹಾಗಲ್ಲ; ರಿಮ್ಮಿನ ಒಳಸುತ್ತಿನಲ್ಲಿ ಅಂಟಿ ಬಿಸಿಲಿಗೆ ಇಟ್ಟಿಗೆಯಾಗುತ್ತದೆ. 16 ಇಂಚಿನ ರಿಮ್ಮಿಗೆ ಒಂದೇ ಕಡೆ 100 ಗ್ರಾಂ ಮಣ್ಣು ಕೂತರೆ 80ರ ವೇಗದಲ್ಲಿ ಸುಮಾರು 6 ಕೆ.ಜಿ.ಯಷ್ಟು, 100ರಲ್ಲಿ ಸುಮಾರು 9 ಕೆ.ಜಿ.ಯಷ್ಟು ಬಲದಿಂದ ಚಕ್ರವನ್ನು ಎಳೆಯುತ್ತದೆ, ಅದೂ ಪ್ರತಿ ಸುತ್ತಿಗೆ ಒಂದು ಸಲ. ಬ್ಯಾಲೆನ್ಸಿಂಗ್ ಅಂಗಡಿಯವರು 5 ಗ್ರಾಂ ಲೆಕ್ಕದಲ್ಲಿ ಸೀಸ ಅಂಟಿಸುತ್ತಾರೆ ಎನ್ನುವುದು ನೆನಪಿರಲಿ. ವಾಟರ್ ಸರ್ವಿಸ್‌ನವರು ಹೊರಮೈ ಫಳಫಳ ಮಾಡಿ ಒಳಗೆ ಬಿಡುತ್ತಾರೆ. ಮರದ ಚಕ್ಕೆಯಿಂದ ನೀವೇ ಕೆರೆದು, ಅರ್ಧ ಗಂಟೆ ನೆನೆಸಿ, ಮತ್ತೆ ಪ್ರೆಷರ್ ಹೊಡೆಸಿ. ಕೆರೆಯುವಾಗ ಅಂಟಿಸಿದ ಸೀಸದ ತುಂಡು ಉದುರಿದೆಯೇ ನೋಡಿ. ಅದಿದ್ದ ಜಾಗದಲ್ಲಿ ಅಂಟಿನ ಚೌಕ ಗುರುತು ಮಾತ್ರ ಉಳಿದಿರುತ್ತದೆ.

ಎರಡನೆಯದು, ಟೈರು ರಿಮ್ಮಿನ ಮೇಲೆ ಜಾರಿರುವುದು. ಕೆಸರಿಗೆ ಇಳಿಯುವಾಗ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ರಿಮ್ ತಿರುಗಿ ಟೈರು ಹಿಂದುಳಿಯಬಹುದು. ಆಗ ಹಿಂದೆ ಮಾಡಿಸಿದ ಬ್ಯಾಲೆನ್ಸಿಂಗ್ ಲೆಕ್ಕ ಪೂರ್ತಿ ತಪ್ಪುತ್ತದೆ. ಬ್ಯಾಲೆನ್ಸಿಂಗ್ ಆದ ದಿನವೇ ರಿಮ್ ಅಂಚಿನಿಂದ ಟೈರಿನ ಪಕ್ಕಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ. ಮುಂದೆ ಗೆರೆ ತುಂಡಾಗಿ ಕಂಡರೆ ಉತ್ತರ ಸಿಕ್ಕಿತು.

ಗಾಳಿಯ ವಿಷಯದಲ್ಲಿ ಬಾಗಿಲಿನ ಅಂಚಿನ ಸ್ಟಿಕ್ಕರ್ ಮೂಲ ಟೈರಿಗೆ ಬರೆದದ್ದು, ನಿಮ್ಮ ಈಗಿನ ಟೈರಿಗಲ್ಲ. ಖಾಲಿ ಗಾಡಿಯಲ್ಲಿ 32ರಿಂದ ಶುರು ಮಾಡಿ. ಟೈರಿನ ಅಗಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಸಮತಟ್ಟಾದ ಟಾರಿನಲ್ಲಿ ನೂರು ಮೀಟರ್ ನೇರ ಹೋಗಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. 2 ಪಿಎಸ್‌ಐಯಂತೆ ಸರಿಮಾಡಿ. ಲಾರಿಗೆ ತುಂಬಿದಂತೆ 45 ತುಂಬಿದರೆ ದಪ್ಪ ಹಲ್ಲಿನ ಮಡ್ ಟೈರು ಪ್ರತಿ ಕಲ್ಲನ್ನೂ ಮೈಗೆ ಮುಟ್ಟಿಸುತ್ತದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಮೊದಲ ಏಳೆಂಟು ಕಿ.ಮೀ. ಅದುರಿ ಆಮೇಲೆ ಸುಮ್ಮನಾದರೆ ನಿಂತಲ್ಲಿ ಟೈರು ಚಪ್ಪಟೆಯಾದದ್ದು. ಅದಕ್ಕೆ ಮದ್ದು ಬೇಕಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸಿಯೂ ಹೋಗದ ಅದುರಿಗೆ ಹೊರಗಿನಿಂದ ತಂದ ರಿಮ್ ದೊಡ್ಡ ಕಾರಣ. ಡಿ ಮ್ಯಾಕ್ಸ್‌ಗೂ ಹೈಲಕ್ಸ್‌ಗೂ ಆರು ಬೋಲ್ಟಿನ ಅಳತೆ 139.7 ಮಿ.ಮೀ. ಒಂದೇ. ಆದರೆ ನಡುವಿನ ತೂತು ಒಂದರಲ್ಲಿ 100.1, ಇನ್ನೊಂದರಲ್ಲಿ 106.1. ದೊಡ್ಡ ತೂತಿನ ರಿಮ್ಮನ್ನು ಸಣ್ಣ ಹಬ್ಬಿಗೆ (ರಿಮ್ ಕೂರುವ ನಡುಭಾಗಕ್ಕೆ) ಹಾಕಿದರೆ ಹಬ್ಬು ಅದನ್ನು ನಡುವಿಗೆ ಹಿಡಿಯುವುದಿಲ್ಲ, ನಟ್ಟುಗಳ ಕೋನ್ ಮಾತ್ರ ಹಿಡಿಯುತ್ತದೆ. ಅಂಗಡಿಯ ಹುಡುಗ ಗಾಳಿ ಗನ್‌ನಲ್ಲಿ ಒಂದು ಕಡೆಯಿಂದ ಡರ್‍ರೆಂದು ಬಿಗಿದರೆ ರಿಮ್ ಕೂದಲೆಳೆಯಷ್ಟು ವಾರೆಯಾಗಿ ಕೂರುತ್ತದೆ. ಪರಿಹಾರ ಎರಡು. ಆ ಸಂದು ತುಂಬುವ, ಸರಿಯಾದ ಅಳತೆಯ ಹಬ್ ರಿಂಗ್ ಹಾಕಿ. ಚಕ್ರ ನೆಲದಿಂದ ಎದ್ದಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ, ಕೈಯಿಂದ ಬಿಗಿದು, ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ ಮುಗಿಸಿ. 12 ಮಿ.ಮೀ. ಸ್ಟಡ್‌ಗಳಿಗೆ ಸಾಮಾನ್ಯವಾಗಿ 105ರಿಂದ 120 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಅಂತಿಮ. 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಕಂಪನಿಯ ಚಪ್ಪಟೆ ವಾಷರಿನ ನಟ್ಟನ್ನು ಕೋನ್ ತೂತಿನ ರಿಮ್ಮಿಗೆ ಹಾಕಿದ್ದರೆ ಆ ಗಾಡಿಯನ್ನು ಅವತ್ತೇ ನಿಲ್ಲಿಸಿ.

ಬ್ಯಾಲೆನ್ಸಿಂಗ್ ಯಂತ್ರದ ಎದುರು ನಿಂತು ಒಂದು ಪರೀಕ್ಷೆ ಮಾಡಿಸಿ. ಸೊನ್ನೆ ತೋರಿಸಿದ ಚಕ್ರವನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ತಿರುಗಿಸಲಿ. ಈಗಲೂ ಸೊನ್ನೆಯೋ 5 ಗ್ರಾಮೋ ಬಂದರೆ ಸರಿ. 30–40 ಗ್ರಾಂ ತೋರಿಸಿದರೆ ಯಂತ್ರದ ಕೋನ್ ನಿಮ್ಮ ರಿಮ್ಮಿನ ನಡುವಿಗೆ ಕೂರುತ್ತಿಲ್ಲ, ಮೊದಲ ಸೊನ್ನೆಯೂ ಸುಳ್ಳು. ಕೋನನ್ನು ಒಳಗಡೆಯಿಂದ ಹಾಕಿಸಿ ನೋಡಿ.

ತೂಕ ಸರಿಯಿದ್ದೂ ಟೈರು ದುಂಡಗಿಲ್ಲದಿರಬಹುದು. ಚಕ್ರ ಎತ್ತಿ, ಪಕ್ಕದಲ್ಲಿ ಸ್ಟ್ಯಾಂಡಿಗೆ ತಂತಿ ಕಟ್ಟಿ, ತುದಿಯನ್ನು ಟೈರಿನ ನಡುಹಲ್ಲಿಗೆ ತಾಗಿಯೂ ತಾಗದಂತೆ ಇಟ್ಟು ನಿಧಾನಕ್ಕೆ ತಿರುಗಿಸಿ. ಸಂದು ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರಿಳಿದರೆ ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಲು ಹೇಳಿ. ರಿಮ್ಮಿನ ಡೊಂಕೂ ಟೈರಿನ ಡೊಂಕೂ ಒಂದನ್ನೊಂದು ತಿನ್ನುತ್ತವೆ. ಆಮೇಲೂ ಉಳಿದರೆ ಆ ಟೈರನ್ನು ಹಿಂದಕ್ಕೆ ಹಾಕಿ, ಇಲ್ಲವೇ ಸ್ಟೆಪ್ನಿ ಮಾಡಿ.

ಮುಂದಿನ ಸಸ್ಪೆನ್ಷನ್

ಹೊರಚಾಚಿದ ರಿಮ್ ಅಥವಾ ರಿಮ್ಮಿಗೂ ಹಬ್ಬಿಗೂ ನಡುವೆ ಸ್ಪೇಸರ್ ಹಾಕಿದ್ದರೆ ಒಂದು ಮಾತು ತಿಳಿದಿರಬೇಕು. ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕೆ ಇರುವ ದೂರವೇ ಆಫ್‌ಸೆಟ್. ಆಫ್‌ಸೆಟ್ +33 ಇದ್ದದ್ದು -10 ಆದರೆ ಚಕ್ರದ ನಡು 43 ಮಿ.ಮೀ. ಹೊರಗೆ ಹೋಗಿದೆ. ಚಕ್ರದ ಪ್ರತಿ ಹೊಡೆತವೂ ಅಷ್ಟು ಹೆಚ್ಚು ಉದ್ದದ ಸನ್ನೆಯಿಂದ ಸ್ಟೇರಿಂಗನ್ನು ತಿರುವುತ್ತದೆ. ಕಂಪನಿ ರಿಮ್ಮಿನಲ್ಲಿ ಗೊತ್ತೇ ಆಗದಿದ್ದ 15 ಗ್ರಾಂ ವ್ಯತ್ಯಾಸ, ಟೈ ರಾಡಿನ ಕೂದಲೆಳೆ ಸಡಿಲ, ಈಗ ಕೈಗೆ ಬರುತ್ತದೆ. ಹಾಗಾಗಿ ಅನುಮಾನ ಬಂದಾಗ ಗೆಳೆಯರ ಗಾಡಿಯಿಂದ ಮೂಲ ರಿಮ್ ಮತ್ತು ಟೈರಿನ ನಾಲ್ಕು ಚಕ್ರ ಎರವಲು ತಂದು ಒಂದು ಸುತ್ತು ಓಡಿಸುವುದು ಯಾವ ಯಂತ್ರಕ್ಕಿಂತ ಒಳ್ಳೆಯ ಪರೀಕ್ಷೆ. ಅದುರು ಹೋದರೆ ಹುಡುಕಾಟ ಚಕ್ರಕ್ಕೆ ಮುಗಿಯಿತು.

ಸಡಿಲ ನೋಡುವಾಗ ಜಾಕನ್ನು ಚಾಸಿಸ್ಸಿಗೆ ಕೊಡದೆ ಕೆಳಗಿನ ಆರ್ಮ್‌ಗೆ ಕೊಡಿ, ಆಗಷ್ಟೇ ಭಾರ ಹೊರುವ ಕೆಳಗಿನ ಬಾಲ್ ಜಾಯಿಂಟಿನ ಮೇಲಿನ ಒತ್ತಡ ಬಿಡುತ್ತದೆ. ಸ್ಟ್ಯಾಂಡ್ ಇಡದೆ ಕೈ ಒಳಗೆ ಹಾಕಬೇಡಿ. ಸಿಮೆಂಟ್ ಇಟ್ಟಿಗೆಯನ್ನು ಸ್ಟ್ಯಾಂಡ್ ಎಂದು ಕರೆಯಬೇಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕ್ ಎಂದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ: ಸಡಿಲ ಮಾಯವಾದರೆ ಚಕ್ರದ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಎಡಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಎತ್ತರಿಸಿದ ಗಾಡಿಯಲ್ಲಿ ಬಾಲ್ ಜಾಯಿಂಟು ಸದಾ ಒಂದು ಕೊನೆಯ ಹತ್ತಿರದ ಕೋನದಲ್ಲೇ ಕೆಲಸ ಮಾಡುವುದರಿಂದ ಬೇಗ ಸವೆಯುತ್ತದೆ. ಮೇಲಿನ ಆರ್ಮ್ ಬದಲಿಸದೆ ಬರೀ ಟಾರ್ಷನ್ ಬಾರ್ ತಿರುವಿ ಎತ್ತರಿಸಿದ ಗಾಡಿಗಳಲ್ಲಿ ಇದು ಹೆಚ್ಚು.

ಅಲೈನ್‌ಮೆಂಟ್‌ನಲ್ಲಿ ಪ್ರಿಂಟ್ ಕೇಳಿ ಪಡೆಯಿರಿ. ಅನೇಕ ಕಡೆ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮಾತ್ರ ಸರಿಮಾಡಿ ‘ಆಯ್ತು ಅಣ್ಣ’ ಎನ್ನುತ್ತಾರೆ. ಲಿಫ್ಟ್ ಆದ ಮೇಲೆ ಕಡಿಮೆಯಾಗುವುದು ಕ್ಯಾಸ್ಟರ್, ಅಂದರೆ ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ತಿರುವಿನಿಂದ ಹೊರಬಂದಾಗ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ, ಬಸ್ಸು ಪಕ್ಕದಲ್ಲಿ ಹಾದರೆ ಸರಿಯುತ್ತದೆ. ಪ್ರಿಂಟಿನಲ್ಲಿ ಕ್ಯಾಸ್ಟರ್ ಎಡಬಲ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಮೂಲ ಅಂಕಿಗಿಂತ ಒಂದು ಡಿಗ್ರಿ ಕೆಳಗಿದ್ದರೂ ಈ ಲಕ್ಷಣ ಕಾಣುತ್ತದೆ. ಸರಿಮಾಡಲು ಜಾಗ ಉಳಿದಿಲ್ಲ ಎಂದರೆ ಲಿಫ್ಟ್ ಗಾಡಿಗೆಂದೇ ಮಾಡಿದ ಮೇಲಿನ ಆರ್ಮ್ ಬೇಕು, ಇಲ್ಲವೇ ಎತ್ತರವನ್ನು ಅರ್ಧ ಇಂಚು ಇಳಿಸಬೇಕು. ಬಂಪರ್, ವಿಂಚ್ ಹಾಕುವ ಮೊದಲು ಮಾಡಿಸಿದ ಅಲೈನ್‌ಮೆಂಟ್ ಈಗ ಲೆಕ್ಕಕ್ಕಿಲ್ಲ. ಆ ತೂಕಕ್ಕೆ ಮೂತಿ ಕುಸಿದಿರುತ್ತದೆ. ಅಂದಹಾಗೆ ಬುಲ್ ಬಾರ್ (ಮುಂದೆ ಹಾಕುವ ಕಬ್ಬಿಣದ ಗಾರ್ಡ್) ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ, ಮೂಲ ವಿವರದಿಂದ ಬೇರೆಯಾಗುವ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ತೆಗೆಯುವ ಪುಟ ಇದೇ.

ಪ್ರೊಪೆಲ್ಲರ್ ಶಾಫ್ಟ್: ಹೆಚ್ಚು ಜನ ತಪ್ಪುವ ಜಾಗ

ಪಾದದಡಿಗೆ ಬರುವ, 60–80ರ ನಡುವೆ ಆಕ್ಸಿಲರೇಟರ್ ಒತ್ತಿದಾಗ ಜೋರಾಗಿ, ಬಿಟ್ಟರೆ ಬದಲಾಗುವ ಗುಂಯ್ ಸದ್ದು ಇಲ್ಲಿಯದು. ಕ್ಲಚ್ ಬಿಟ್ಟು ಗಾಡಿ ಹೊರಡುವಾಗ, 10–30ರ ವೇಗದಲ್ಲಿ ಹಿಂಭಾಗ ಗಡಗಡ ನಡುಗುವುದೂ ಬಹುಪಾಲು ಇಲ್ಲಿಯದೇ.

ದುಡ್ಡು ಖರ್ಚಿಲ್ಲದ ಪರೀಕ್ಷೆ ಒಂದಿದೆ. ನಾಲ್ಕು ಚೀಲ ಸಿಮೆಂಟು, ಅಂದರೆ 200 ಕೆ.ಜಿ., ಹಿಂದಿನ ತೊಟ್ಟಿಯಲ್ಲಿ ಆ್ಯಕ್ಸಲ್ ಮೇಲೆ ಬರುವಂತೆ ಹಾಕಿ ಕಟ್ಟಿ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಲೀಫ್ ಸ್ಪ್ರಿಂಗ್ ಕುಸಿದು ಶಾಫ್ಟಿನ ಕೋನ ಕಡಿಮೆಯಾಗುತ್ತದೆ. ಅದುರು ಇಳಿದರೆ ದೋಷ ಕೋನದ್ದು. ಕ್ರಾಸ್ ಬದಲಿಸಿ ಪ್ರಯೋಜನವಿಲ್ಲ, ಹೊಸ ಕ್ರಾಸೂ ಹಾಗೇ ಅದುರುತ್ತದೆ. ಏನೂ ಬದಲಾಗದಿದ್ದರೆ ಕ್ರಾಸ್, ಎರಡು ತುಂಡಿನ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್, ಅಥವಾ ಶಾಫ್ಟಿನ ಬ್ಯಾಲೆನ್ಸ್ ನೋಡಿ.

ಕೋನ ಅಳೆಯಲು ಗಾಡಿ ಸಮತಟ್ಟಿನಲ್ಲಿ, ತನ್ನ ಚಕ್ರಗಳ ಮೇಲೇ ನಿಂತಿರಬೇಕು. ಚಕ್ರ ನೇತಾಡುವ ಎರಡು ಕಂಬದ ಲಿಫ್ಟಿನಲ್ಲಿ ಅಳೆದ ಅಂಕಿ ಕೆಲಸಕ್ಕೆ ಬಾರದು. ಪಿಟ್ ಇರುವ ಗ್ಯಾರೇಜು ಅಥವಾ ನಾಲ್ಕು ಕಂಬದ ಲಿಫ್ಟ್ ಬೇಕು. ಮ್ಯಾಗ್ನೆಟ್ ಇರುವ ಡಿಜಿಟಲ್ ಕೋನಮಾಪಕ ಒಳ್ಳೆಯದು, ಫೋನಿನ ಲೆವೆಲ್ ಆ್ಯಪೂ ನಡೆಯುತ್ತದೆ, ಫೋನನ್ನು ಪ್ರತಿ ಸಲ ಒಂದೇ ದಿಕ್ಕಿಗೆ ಹಿಡಿಯಿರಿ. ನಾಲ್ಕು ಕಡೆ ಅಳೆಯಿರಿ: ಗೇರ್‌ಬಾಕ್ಸಿನ ಹಿಂದಿನ ಫ್ಲಾಂಜ್, ಶಾಫ್ಟಿನ ಮೊದಲ ತುಂಡು, ಎರಡನೇ ತುಂಡು, ಶಾಫ್ಟ್ ಬಂದು ಸೇರುವ ಹೌಸಿಂಗಿನ ಪಿನಿಯನ್ ಫ್ಲಾಂಜ್.

ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಹಿಡಿಯುವ ಶ್ಯಾಕಲನ್ನು ಉದ್ದದ್ದು ಹಾಕಿ ಹಿಂಭಾಗ ಎತ್ತಿದ ಗಾಡಿಯಲ್ಲಿ ಸಿಗುವ ಥರದ ಅಂಕಿಗಳನ್ನೇ ತೆಗೆದುಕೊಳ್ಳೋಣ. ಎಲ್ಲವೂ ಹಿಂದಕ್ಕೆ ಇಳಿಜಾರು: ಗೇರ್‌ಬಾಕ್ಸ್ 3 ಡಿಗ್ರಿ, ಮೊದಲ ತುಂಡು 2, ಎರಡನೇ ತುಂಡು 8, ಪಿನಿಯನ್ 5. ಅಕ್ಕಪಕ್ಕದ ಅಂಕಿಗಳನ್ನು ಕಳೆದರೆ ಪ್ರತಿ ಕ್ರಾಸಿನ ಕೋನ ಸಿಗುತ್ತದೆ. ಮುಂದಿನದು 1, ನಡುವಿನದು 6, ಹಿಂದಿನದು 3. ಕೋನದಲ್ಲಿ ತಿರುಗುವ ಕ್ರಾಸ್ ತನ್ನ ಹಿಂದಿನ ತುಂಡನ್ನು ಒಂದು ಸುತ್ತಿನಲ್ಲಿ ಎರಡು ಸಲ ಓಡಿಸಿ ಎರಡು ಸಲ ತಡೆಯುತ್ತದೆ. ಇನ್ನೊಂದು ತುದಿಯ ಕ್ರಾಸಿಗೆ ಅಷ್ಟೇ ಕೋನ ಇದ್ದರೆ ಅದು ಈ ಏರಿಳಿತವನ್ನು ಸರಿತೂಗಿಸುತ್ತದೆ. ಇಲ್ಲಿ 6ಕ್ಕೆ 3 ಎದುರಾಗಿದೆ, ಉಳಿದದ್ದು ನಿಮ್ಮ ಪಾದಕ್ಕೆ ಬರುತ್ತದೆ. ಎರಡರ ವ್ಯತ್ಯಾಸ 1 ಡಿಗ್ರಿಯೊಳಗೆ, ಹೆದ್ದಾರಿ ವೇಗಕ್ಕೆ ಪ್ರತಿ ಕೋನ 3ರ ಆಸುಪಾಸಿನೊಳಗೆ ಇರಬೇಕು. ಪೂರ್ತಿ ಸೊನ್ನೆಯೂ ಬೇಡ. ಕ್ರಾಸಿನ ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಕುಳಿ ಬೀಳುತ್ತದೆ.

ಈಗ ಸೆಂಟರ್ ಬೇರಿಂಗನ್ನು ಚಾಸಿಸ್‌ನಿಂದ 20 ಮಿ.ಮೀ. ಕೆಳಗಿಳಿಸೋಣ. ಮೊದಲ ತುಂಡು 600, ಎರಡನೆಯದು 1,200 ಮಿ.ಮೀ. ಉದ್ದ ಎಂದುಕೊಂಡರೆ ಮೊದಲನೆಯ ಇಳಿಜಾರು ಸುಮಾರು 2 ಡಿಗ್ರಿ ಹೆಚ್ಚಿ 4 ಆಗುತ್ತದೆ, ಎರಡನೆಯದು 1 ಡಿಗ್ರಿ ಕಡಿಮೆಯಾಗಿ 7 ಆಗುತ್ತದೆ. ಕ್ರಾಸ್‌ಗಳ ಕೋನ 1, 3, 2. ಎರಡು ಸ್ಪೇಸರ್ ತುಂಡು, ಉದ್ದದ ಎರಡು ಹೈಟೆನ್ಸೈಲ್ ಬೋಲ್ಟು, ಒಂದು ಗಂಟೆ ಕೆಲಸ. ಮೊದಲೇ ಅಳೆಯದೆ ‘ಪಿನಿಯನ್ ಕೋನಕ್ಕೆ ಸ್ಪ್ರಿಂಗಿನ ಬಳಿ ವೆಜ್ (ಓರೆ ತುಂಡು) ಹಾಕೋಣ’ ಎಂದು ಶುರು ಮಾಡಿದ್ದರೆ ಹಿಂದಿನ ಕ್ರಾಸನ್ನೂ 6ಕ್ಕೆ ತಂದು ಲೆಕ್ಕಕ್ಕೆ ಸರಿಮಾಡಬಹುದಿತ್ತು, ಆದರೆ ಎರಡೂ ಕ್ರಾಸ್ ಬೇಗ ಸಾಯುತ್ತಿದ್ದವು. ವೆಜ್ ಬೇಕಾಗುವ ಗಾಡಿಗಳೂ ಇವೆ. ಆಗ ಉಕ್ಕಿನದನ್ನೇ ಹಾಕಿ, ಅಲ್ಯೂಮಿನಿಯಂ ವೆಜ್ ಯು ಬೋಲ್ಟಿನ ಬಿಗಿತಕ್ಕೆ ಪುಡಿಯಾಗುತ್ತದೆ. ಯು ಬೋಲ್ಟ್ ಪ್ರತಿ ಸಲ ಹೊಸದೇ ಇರಲಿ, 500 ಕಿ.ಮೀ.ಗೆ ಮತ್ತೆ ಬಿಗಿಯಿರಿ.

ಕೋನ ಸರಿಯಿದ್ದೂ ಅದುರಿದರೆ ಶಾಫ್ಟ್ ಬಿಚ್ಚಿ ಹಾಕಿದವರು ಯಾರೆಂದು ವಿಚಾರಿಸಿ. ಜಾರುವ ಹಲ್ಲಿನ ಜೋಡಣೆಯನ್ನು ಎಳೆದು ಮತ್ತೆ ಹಾಕುವಾಗ ಒಂದೇ ಹಲ್ಲು ತಪ್ಪಿದರೂ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವಲು, ಅಂದರೆ ಯೋಕ್‌ಗಳು ಒಂದೇ ಸಾಲಿನಲ್ಲಿ ಬರುವುದಿಲ್ಲ. ಶಾಫ್ಟಿನ ಪಕ್ಕ ಕೂತು ಎರಡೂ ಯೋಕ್‌ನ ಕಿವಿಗಳನ್ನು ಒಂದೇ ನೋಟಕ್ಕೆ ನೋಡಿ, ವಾರೆಯಾಗಿದ್ದರೆ ಅದೇ ಕಾರಣ. ಬಿಚ್ಚುವ ಮೊದಲು ಪೇಂಟಿನಲ್ಲಿ ಗುರುತು ಹಾಕಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಕ್ರಾಸ್ ನೋಡಲು ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಎರಡೂ ಕೈಯಲ್ಲಿ ಹಿಂದೆ ಮುಂದೆ ತಿರುವಿ. ಕ್ರಾಸಿನ ತುದಿಯ ಬೇರಿಂಗ್ ಬಟ್ಟಲಿನ ಅಂಚಿನಲ್ಲಿ ಕಂದು ಪುಡಿ ಕಂಡರೆ ಒಳಗೆ ಗ್ರೀಸ್ ಸತ್ತಿದೆ. ಹೊಳೆ, ನಾಲೆ ದಾಟಿ ಬಂದ ಪ್ರತಿ ಸಲವೂ ಗ್ರೀಸ್ ಹೊಡೆಯಿರಿ, ನಾಲ್ಕೂ ಬಟ್ಟಲಿನಿಂದ ಹಳೆಯದು ಹೊರಬರುವ ತನಕ. ಮೂರರಿಂದ ಬಂದು ನಾಲ್ಕನೆಯದರಿಂದ ಬರದಿದ್ದರೆ ಆ ಕ್ರಾಸಿನ ಆಯಸ್ಸು ಮುಗಿದಂತೆ. ಸೆಂಟರ್ ಬೇರಿಂಗಿನ ರಬ್ಬರನ್ನು ಟೈರ್ ಲಿವರಿನಿಂದ ಒತ್ತಿ ಬಿರುಕು ನೋಡಿ.

ಮುಂದಿನ ಶಾಫ್ಟಿನ ಮೇಲೂ ಅನುಮಾನ ಇದ್ದರೆ ಗುರುತು ಹಾಕಿ ಅದನ್ನು ಪೂರ್ತಿ ಬಿಚ್ಚಿಟ್ಟು, ಹಿಂದಿನ ಚಕ್ರಗಳಿಗಷ್ಟೇ ಬಲ ಹೋಗುವ 2ಎಚ್‌ನಲ್ಲಿ ಓಡಿಸಿ. ಸದ್ದು ಹೋದರೆ ಹುಡುಕುವ ಜಾಗ ಅರ್ಧಕ್ಕಿಳಿಯಿತು. ಪಾರ್ಕಿಂಗಿನಲ್ಲಿ ಪೂರ್ತಿ ಸ್ಟೇರಿಂಗ್ ತಿರುವಿದಾಗ ಗಾಡಿ ಕುಪ್ಪಳಿಸಿದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ 4ಎಚ್ ಬಿಟ್ಟಿಲ್ಲ ಎಂದರ್ಥ. ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ತೂಗಿಸುವ ಡಿಫರೆನ್ಷಿಯಲ್ ನಡುವೆ ಇಲ್ಲದ ಈ ಗಾಡಿಗಳಲ್ಲಿ ಒಣ ಟಾರಿನ ಮೇಲೆ 4ಎಚ್ ಹಾಕಲೇಬಾರದು. ಹತ್ತು ಮೀಟರ್ ನೇರ ರಿವರ್ಸ್ ಹೋಗಿ, ಬಿಗಿತ ಬಿಟ್ಟುಕೊಳ್ಳುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ

ಚಾಮುಂಡಿ ಬೆಟ್ಟ ಇಳಿಯುವಾಗಲೋ ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವಾಗಲೋ ಬ್ರೇಕ್ ಜೊತೆಗೇ ನಡುಕ ಬಂದರೆ ಡಿಸ್ಕ್ ಅಥವಾ ಡ್ರಮ್. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ, ಗುಂಡಿ ಒತ್ತಿಹಿಡಿದೇ ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯಿರಿ. ಅದಕ್ಕೂ ನಡುಗಿದರೆ ಹಿಂದಿನ ಡ್ರಮ್, ಕೆಸರು ತುಂಬಿ ಗೀರಾಗಿರುತ್ತದೆ. ಇಲ್ಲದಿದ್ದರೆ ಮುಂದಿನ ಡಿಸ್ಕ್. ಮೈಕ್ರೋಮೀಟರಿನಲ್ಲಿ ಸುತ್ತಲೂ ಆರೆಂಟು ಕಡೆ ದಪ್ಪ ಅಳೆಯಿರಿ, 0.02–0.03 ಮಿ.ಮೀ. ವ್ಯತ್ಯಾಸವೇ ಪೆಡಲಿಗೆ ಗೊತ್ತಾಗಲು ಸಾಕು. ದೊಡ್ಡ, ಭಾರದ ಟೈರನ್ನು ನಿಲ್ಲಿಸಲು ಮೂಲ ಬ್ರೇಕು ಹೆಚ್ಚು ಬಿಸಿಯಾಗುತ್ತದೆ, ಬೆಟ್ಟದಿಂದ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಹೊಸ ಡಿಸ್ಕ್ ಹಾಕಿದ ವಾರಕ್ಕೇ ನಡುಕ ಮರಳಿದರೆ ಹಬ್ಬಿನ ಮುಖದಲ್ಲಿ ತುಕ್ಕೋ ಒಣ ಮಣ್ಣೋ ಉಳಿದಿದೆ, ಇಲ್ಲವೇ ಗಾಳಿ ಗನ್ ನಟ್ಟುಗಳನ್ನು ಏರುಪೇರಾಗಿ ಬಿಗಿದಿದೆ. ವೈರ್ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಕೂರಿಸಿ.

ಓಡಿಸಲೇಬಾರದ ಸ್ಥಿತಿ

ಹಂಪ್ ಮೇಲೆ ಹತ್ತಿ ಇಳಿದಾಗ ಸ್ಟೇರಿಂಗ್ ತಾನಾಗಿ ಎಡಬಲ ಬಡಿಯಲು ಶುರುವಾಗಿ, ಗಾಡಿ ಬಹುತೇಕ ನಿಂತ ಮೇಲಷ್ಟೇ ನಿಂತರೆ ಪರೀಕ್ಷೆ, ಓಟ ಎಲ್ಲ ಬಿಡಿ. ಮುಂದೆ ಗಟ್ಟಿ ಆ್ಯಕ್ಸಲ್ ಇರುವ ಜಿಪ್ಸಿ ಥರದ ಗಾಡಿಗಳಲ್ಲಿ ಇದು ಹೆಚ್ಚು. ಕಿಂಗ್ ಪಿನ್ ಬೇರಿಂಗ್, ಸ್ಪ್ರಿಂಗ್ ಬುಷ್, ಕ್ಯಾಸ್ಟರ್ ಮೂರನ್ನೂ ಒಟ್ಟಿಗೆ ನೋಡಬೇಕು, ಸ್ಟೇರಿಂಗ್ ಡ್ಯಾಂಪರ್ ಬದಲಿಸಿ ಮುಚ್ಚಿಹಾಕುವಂಥದ್ದಲ್ಲ. ಬಾಲ್ ಜಾಯಿಂಟಿನ ಸಡಿಲ ಕಣ್ಣಿಗೆ ಕಂಡರೂ, ರಿಮ್ಮಿನ ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೂ, ಸ್ಟಡ್ ಒಂದು ತುಂಡಾಗಿದ್ದರೂ ಅಷ್ಟೇ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿಯಂಥ ತಡೆಗೋಡೆ ಇಲ್ಲದ ದಾರಿಯಲ್ಲಿ ಮೆಲ್ಲಗೆ ಗ್ಯಾರೇಜಿಗೆ ಹೋಗುತ್ತೇನೆ ಎನ್ನುವ ಲೆಕ್ಕ ಬೇಡ. ಮುಂದಿನ ಚಕ್ರಗಳು ನೆಲ ಮುಟ್ಟದಂತೆ ಎತ್ತಿಕೊಂಡು ಹೋಗುವ ಗಾಡಿ ಕರೆಸಿ. ಎಳೆಸುವ ಮುನ್ನ, ಬಲವನ್ನು ಮುಂದಿನ ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತರಲು ಬರದ ಗಾಡಿಯಾದರೆ ಹಿಂದಿನ ಶಾಫ್ಟ್ ಬಿಚ್ಚಿಸಿ, ಇಲ್ಲವೇ ನಾಲ್ಕೂ ಚಕ್ರ ಮೇಲೇರುವ ಫ್ಲಾಟ್ ಬೆಡ್ ಲಾರಿಯನ್ನೇ ಕೇಳಿ.